ಸಮಮಿತಿ: ಅಳತೆಗೋಲಿನಿಂದ ಕಾಲದ ತನಕ

ಶಾಲೆಯ ಗಣಿತ ಪುಸ್ತಕದಲ್ಲಿ ‘ಸಮಮಿತಿ’ ಎಂಬ ಪಾಠ ಬರುತ್ತದೆ. ಚಿಟ್ಟೆಯ ಚಿತ್ರ, ನಡುವೆ ಒಂದು ಚುಕ್ಕಿಗೆರೆ. ಹಾಳೆಯನ್ನು ಆ ಗೆರೆಯ ಮೇಲೆ ಮಡಿಸಿದರೆ ಎಡರೆಕ್ಕೆ ಬಲರೆಕ್ಕೆಯ ಮೇಲೆ ಸರಿಯಾಗಿ ಕೂರುತ್ತದೆ. ಅದೇ ಪದವನ್ನು ಕಣಭೌತವಿಜ್ಞಾನಿಗಳು ಕಾಲಕ್ಕೂ ಹಚ್ಚುತ್ತಾರೆ: ಕಾಲವಿಲೋಮ ಸಮಮಿತಿ. ಹಾಳೆಯನ್ನೇನೋ ಮಡಿಸಬಹುದು, ನಿನ್ನೆಯನ್ನು ನಾಳೆಯ ಮೇಲೆ ಮಡಿಸಿ ನೋಡುವುದು ಹೇಗೆ? ಯಾರ ಕೈಯಲ್ಲೂ ಆಗದ ಕೆಲಸಕ್ಕೆ ಈ ಪದ ಹೇಗೆ ಹೊಂದಿಕೊಂಡಿತು ಎಂಬುದು ವಿಜ್ಞಾನದ ಚರಿತ್ರೆಯ ಬಹು ಚೆಂದದ ಕತೆಗಳಲ್ಲಿ ಒಂದು ಎಂದು ನನ್ನ ನಂಬಿಕೆ.

ಪದದ ತವರು ಗ್ರೀಸ್. ‘ಸಿಮ್ಮೆಟ್ರಿಯಾ’ ಅಂದರೆ ಜೊತೆಗೂಡಿದ ಅಳತೆ. ‘ಮೆಟ್ರಾನ್’ ಎಂದರೆ ಅಳತೆ. ನಮ್ಮ ಮಾನ, ಮಿತಿ, ಮಾತ್ರೆಗಳೂ ಅದೂ ಒಂದೇ ಬೇರಿನವು ಎಂದು ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಒಪ್ಪುತ್ತಾರೆ. ಛಂದಸ್ಸಿನ ಮಾತ್ರೆ, ಔಷಧದ ಅಂಗಡಿಯ ಮಾತ್ರೆ, ಗ್ರೀಕರ ಅಳತೆಗೋಲು ಎಲ್ಲ ದೂರದ ನೆಂಟರು. ಆದರೆ ‘ಸಿಮ್’ ಮತ್ತು ‘ಸಮ’ ಕೇಳುವುದಕ್ಕೆ ಒಂದೇ ಎನಿಸಿದರೂ ಒಂದೇ ಬಳ್ಳಿಯವಲ್ಲ. ನಮ್ಮ ‘ಸಮ’ಕ್ಕೆ ಗ್ರೀಕಿನಲ್ಲಿ ನೆಂಟ ‘ಹೋಮೋಸ್’. ‘ಸಿಮ್’ ಎಂಬುದಕ್ಕೆ ಅರ್ಥದಲ್ಲಿ ಹತ್ತಿರವಾದದ್ದು ‘ಸಂ’ ಎಂಬ ಉಪಸರ್ಗ. ‘ಸಂ’ ಮತ್ತು ‘ಮಿತ’ ಸೇರಿದ ‘ಸಮ್ಮಿತ’ ನಮ್ಮ ಕಾವ್ಯಮೀಮಾಂಸೆಯಲ್ಲಿ ಬಹಳ ಹಿಂದಿನಿಂದಲೂ ಇದೆ. ವೇದ ಪ್ರಭುಸಮ್ಮಿತ, ಪುರಾಣ ಮಿತ್ರಸಮ್ಮಿತ, ಕಾವ್ಯ ಕಾಂತಾಸಮ್ಮಿತ ಎಂದು ಕನ್ನಡ ಎಂ.ಎ. ಓದಿದವರೆಲ್ಲ ಕಲಿತಿರುತ್ತಾರೆ. ಅಲ್ಲಿಯೂ ಅರ್ಥ ಇದೇ: ಒಂದರ ಪಕ್ಕ ಇನ್ನೊಂದನ್ನಿಟ್ಟು ಅಳೆದು, ಸರಿಸಾಟಿ ಎಂದು ಕಂಡುಕೊಂಡದ್ದು.

ಯೂಕ್ಲಿಡ್‌ನ ಗ್ರಂಥದ ಹತ್ತನೆಯ ಭಾಗ ಈ ಪದದ ಮೊದಲ ಅರ್ಥವನ್ನು ಕಟ್ಟಿಟ್ಟಿದೆ. ಎರಡು ಉದ್ದಗಳನ್ನು ಒಂದೇ ಅಳತೆಗೋಲಿನಿಂದ ಉಳಿಕೆಯಿಲ್ಲದೆ ಅಳೆಯಲು ಬಂದರೆ ಅವು ಪರಸ್ಪರ ‘ಸಿಮ್ಮೆಟ್ರಾ’, ಬಾರದಿದ್ದರೆ ‘ಅಸಿಮ್ಮೆಟ್ರಾ’. ಚೌಕದ ಬಾಹು ಮತ್ತು ಕರ್ಣ ಎರಡನೆಯ ಜಾತಿಯವು. ಗೋಲನ್ನು ಎಷ್ಟೇ ಚಿಕ್ಕದು ಮಾಡಿ, ಬಾಹುವಿಗೆ ಸರಿಹೋದದ್ದು ಕರ್ಣಕ್ಕೆ ಹೋಗುವುದಿಲ್ಲ. ಗಮನಿಸಿ, ಇಲ್ಲಿ ಕನ್ನಡಿಯಿಲ್ಲ, ಎಡಬಲವಿಲ್ಲ, ಚೆಲುವಿನ ಮಾತೂ ಇಲ್ಲ. ಸರಿಯಾಗಿ ಅಳೆಯಲು ಬರುತ್ತದೆಯೇ ಇಲ್ಲವೇ ಎಂಬುದಷ್ಟೇ ಪ್ರಶ್ನೆ.

ಚೆಲುವನ್ನು ಸೇರಿಸಿದವರು ಶಿಲ್ಪಿಗಳು. ಕ್ರಿಸ್ತಪೂರ್ವ ಐದನೆಯ ಶತಮಾನದ ಪಾಲಿಕ್ಲೀಟಸ್ ‘ಕ್ಯಾನನ್’ ಎಂಬ ಗ್ರಂಥ ಬರೆದಿದ್ದ. ಅದು ಕಳೆದುಹೋಗಿದೆ, ಅದರ ಸಾರ ವೈದ್ಯ ಗ್ಯಾಲೆನ್‌ನ ಬರಹದಲ್ಲಿ ಉಳಿದಿದೆ. ಬೆರಳಿಗೆ ಬೆರಳು, ಬೆರಳುಗಳಿಗೆ ಅಂಗೈ, ಅಂಗೈಗೆ ಮುಂಗೈ ಎಂಬ ಪ್ರಮಾಣಗಳಲ್ಲಿ ದೇಹದ ಸೊಬಗು ಇದೆ ಎಂಬುದು ಅವನ ಸಿದ್ಧಾಂತ. ರೋಮಿನ ಪ್ಲಿನಿ ಈ ಪದಕ್ಕೆ ಲ್ಯಾಟಿನ್‌ನಲ್ಲಿ ಹೆಸರೇ ಇಲ್ಲವೆಂದು ಬರೆದ. ವಾಸ್ತುಶಾಸ್ತ್ರಜ್ಞ ವಿಟ್ರೂವಿಯಸ್ ಗ್ರೀಕ್ ಪದವನ್ನೇ ಇಟ್ಟುಕೊಂಡು ದೇವಾಲಯಗಳ ಪ್ರಮಾಣವನ್ನು ವಿವರಿಸಿದ.

ಹಾಗಾದರೆ ಚಿಟ್ಟೆಯ ಅರ್ಥ ಎಲ್ಲಿಂದ ಬಂತು? ಪ್ಯಾರಿಸ್ಸಿನಿಂದ. ವೈದ್ಯನೂ ವಾಸ್ತುಶಿಲ್ಪಿಯೂ ಆಗಿದ್ದ ಕ್ಲೋಡ್ ಪೆರೋ 1673ರಲ್ಲಿ ವಿಟ್ರೂವಿಯಸ್‌ನ ಗ್ರಂಥವನ್ನು ಫ್ರೆಂಚಿಗೆ ತಂದಾಗ ಒಂದು ಟಿಪ್ಪಣಿ ಸೇರಿಸಿದ. ಫ್ರೆಂಚರು ಈ ಪದವನ್ನು ಹಿಂದಿನವರ ಅರ್ಥದಲ್ಲಿ ಬಳಸುತ್ತಿಲ್ಲ, ಎಡಕ್ಕೆ ಬಲ ಹೊಂದುವುದನ್ನೇ ಅವರು ಹಾಗೆ ಕರೆಯುತ್ತಾರೆ ಎಂಬುದು ಅದರ ತಿರುಳು. ಪದ ಅಷ್ಟರಲ್ಲೇ ಮನೆ ಬದಲಿಸಿತ್ತು. ಪೆರೋ ಅದನ್ನು ದಾಖಲೆಗೆ ಹಾಕಿದ. 1794ರಲ್ಲಿ ಲಜಾಂಡ್ರ್ ಅದನ್ನು ಜ್ಯಾಮಿತಿಯ ಶಿಸ್ತಿಗೆ ತಂದ. ಎಡಗೈ ಬಲಗೈಗಳಂತೆ ಭಾಗಭಾಗವೂ ಸಮವಾಗಿದ್ದರೂ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಲಾಗದ ಘನಾಕೃತಿಗಳಿಗೆ ಅವನು ಈ ಹೆಸರಿಟ್ಟ. ಹತ್ತೊಂಬತ್ತನೆಯ ಶತಮಾನದಲ್ಲಿ ಹರಳುಗಳನ್ನು ಅಧ್ಯಯನ ಮಾಡಿದವರು ಪದವನ್ನು ತಮ್ಮದಾಗಿಸಿಕೊಂಡರು. ಹರಳನ್ನು ಅರವತ್ತು ಡಿಗ್ರಿ ತಿರುಗಿಸಿ, ಮೊದಲಿನಂತೆಯೇ ಕಾಣುತ್ತದೆಯೇ ನೋಡಿ. ಕಂಡರೆ ಅದೊಂದು ಸಮಮಿತಿ. 1891ರ ಹೊತ್ತಿಗೆ ಫೆದೊರೊವ್ ಮತ್ತು ಶ್ಯೋನ್‌ಫ್ಲೀಸ್ ಇಬ್ಬರೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಹರಳಿನ ಜೋಡಣೆಗೆ 230 ಬಗೆಯ ಸಮಮಿತಿಗಳು ಮಾತ್ರ ಸಾಧ್ಯ ಎಂದು ತೋರಿಸಿದರು.

ಇಲ್ಲಿ ಆದ ಬದಲಾವಣೆ ಸದ್ದಿಲ್ಲದ್ದು, ಆದರೆ ಬಹಳ ದೊಡ್ಡದು. ಪದ ವಸ್ತುವಿನ ಗುಣವನ್ನು ಬಿಟ್ಟು ಒಂದು ಕ್ರಿಯೆಗೆ ಅಂಟಿಕೊಂಡಿತು. ಏನಾದರೂ ಮಾಡು, ಮಾಡಿದ್ದು ಗೊತ್ತೇ ಆಗದಂತೆ ಎಲ್ಲವೂ ಮೊದಲಿನಂತೆ ಉಳಿದರೆ ಅಲ್ಲಿ ಸಮಮಿತಿ ಇದೆ. ಈ ಅರ್ಥ ಸಿಕ್ಕಮೇಲೆ ಕಣ್ಣಿಗೆ ಕಾಣುವ ಆಕೃತಿ ಬೇಕೇ ಬೇಕೆಂದಿಲ್ಲ. ಒಂದು ಸಮೀಕರಣಕ್ಕೂ ಸಮಮಿತಿ ಇರಬಹುದು, ಒಂದು ನಿಯಮಕ್ಕೂ ಇರಬಹುದು. 1918ರಲ್ಲಿ ಗ್ಯೋಟಿಂಗೆನ್‌ನ ಎಮ್ಮಿ ನ್ಯೋದರ್ ಪ್ರಕಟಿಸಿದ ಪ್ರಮೇಯ ಇದರ ಆಳವನ್ನು ತೋರಿಸಿತು: ಪ್ರಯೋಗವನ್ನು ಇಂದು ಮಾಡಿದರೂ ನಾಳೆ ಮಾಡಿದರೂ ನಿಯಮ ಒಂದೇ ಎಂಬ ಸಮಮಿತಿಯಿಂದಲೇ ಶಕ್ತಿಯ ಸಂರಕ್ಷಣೆ ಹೊಮ್ಮುತ್ತದೆ. ಕಾಲವನ್ನು ಮುಂದಕ್ಕೆ ಸರಿಸುವ ಸಮಮಿತಿ ಅದು. ಕಾಲವನ್ನು ತಿರುಗಿಸುವ ಸಮಮಿತಿಯ ಪಾಡು ಬೇರೆ.

‘ವಿಲೋಮ’ ಎಂಬ ನಮ್ಮ ಪದವನ್ನೂ ಇಲ್ಲೇ ನೋಡಿಬಿಡೋಣ. ಲೋಮ ಎಂದರೆ ಕೂದಲು. ಕೂದಲು ಮಲಗಿದ ದಿಕ್ಕಿಗೆ ಸವರಿದರೆ ಅನುಲೋಮ, ಎದುರು ಸವರಿದರೆ ವಿಲೋಮ. ಪ್ರಾಣಾಯಾಮದಲ್ಲಿ, ಗಣಿತದ ವಿಲೋಮಾನುಪಾತದಲ್ಲಿ, ಹಿಂದಿನಿಂದ ಓದಿದರೂ ಅರ್ಥ ಕೊಡುವ ವಿಲೋಮಕಾವ್ಯದಲ್ಲಿ ಈ ಪದ ಬಳಕೆಯಲ್ಲಿದೆ. ಭೌತವಿಜ್ಞಾನ ಹೇಳುವ ಕಾಲವಿಲೋಮವನ್ನು ತಿಳಿಯಲು ಕನ್ನಡದ ಎರಡಕ್ಷರದ ಪದಗಳು ಒಳ್ಳೆಯ ದಾರಿ. ‘ವಿಕಟಕವಿ’ಯನ್ನು ಹಿಂದಿನಿಂದ ಓದಿದರೂ ವಿಕಟಕವಿಯೇ. ಕಾಲವಿಲೋಮ ಸಮಮಿತಿ ಅಷ್ಟನ್ನು ಕೇಳುವುದಿಲ್ಲ. ‘ನದಿ’ಯನ್ನು ತಿರುಗಿಸಿದರೆ ‘ದಿನ’. ‘ಸರ’ವನ್ನು ತಿರುಗಿಸಿದರೆ ‘ರಸ’. ತಿರುಗಿದ್ದು ಬೇರೆ ಪದ, ಆದರೆ ಅದೂ ನಿಘಂಟಿನಲ್ಲಿರುವ ಪದವೇ. ಎಸೆದ ಕಲ್ಲು ಮೇಲೇರುವ ಚಿತ್ರವನ್ನು ಹಿಂದಕ್ಕೆ ಓಡಿಸಿದರೆ ಕಲ್ಲು ಕೆಳಗಿಳಿಯುವುದು ಕಾಣುತ್ತದೆ. ಏರುವುದು ಬೇರೆ, ಇಳಿಯುವುದು ಬೇರೆ. ನ್ಯೂಟನ್ನನ ನಿಯಮ ಎರಡಕ್ಕೂ ಒಪ್ಪಿಗೆ ಕೊಡುತ್ತದೆ. ಯಾವ ಘಟನೆಯನ್ನು ತಿರುಗಿಸಿದರೂ ನಿಯಮದ ನಿಘಂಟಿನಲ್ಲಿ ಅದಕ್ಕೂ ಜಾಗವಿರಬೇಕು, ಮುಂದಿನದ್ದು ಹಿಂದಿನದ್ದು ಎಂಬ ಪಕ್ಷಪಾತ ಇರಬಾರದು. ಸಮಮಿತಿ ಎಂದರೆ ಇಷ್ಟೇ.

ಇದನ್ನು ಸಂಕಟದ ಪ್ರಶ್ನೆಯಾಗಿ ಎತ್ತಿದವರು ವಿಯೆನ್ನಾದ ಯೋಸೆಫ್ ಲೋಶ್ಮಿಟ್, 1876ರಲ್ಲಿ. ಅಸ್ತವ್ಯಸ್ತತೆಯ ಅಳತೆಯಾದ ಎಂಟ್ರೊಪಿ ಏರುತ್ತಲೇ ಹೋಗುವುದನ್ನು ಅಣುಗಳ ಚಲನೆಯಿಂದ ವಿವರಿಸಲು ಬೋಲ್ಟ್ಸ್‌ಮನ್ ಹೊರಟಿದ್ದರು. ಅವರ ಗೆಳೆಯರೂ ಹಿರಿಯ ಸಹೋದ್ಯೋಗಿಯೂ ಆಗಿದ್ದ ಲೋಶ್ಮಿಟ್ ಒಂದೇ ತಕರಾರು ಮುಂದಿಟ್ಟರು: ಎಲ್ಲ ಅಣುಗಳ ವೇಗವನ್ನೂ ಒಮ್ಮೆಗೇ ತಿರುಗಿಸಿ, ಅವು ಬಂದ ದಾರಿಯಲ್ಲೇ ಹಿಂದಿರುಗುತ್ತವೆ, ಆಗ ಎಂಟ್ರೊಪಿ ಇಳಿಯಬೇಕಲ್ಲ? ಬೋಲ್ಟ್ಸ್‌ಮನ್ ಕೊಟ್ಟ ಉತ್ತರ ಸಂಭವನೀಯತೆಯದು. ಅಂಥ ಜೋಡಣೆಗೆ ನಿಷೇಧವಿಲ್ಲ, ಆದರೆ ಅಸ್ತವ್ಯಸ್ತ ಜೋಡಣೆಗಳ ಸಂಖ್ಯೆ ಅಪಾರ, ಓರಣದವು ಬೆರಳೆಣಿಕೆ. ಒಡೆದ ಮಡಕೆ ತಾನಾಗಿ ಕೂಡಿಕೊಳ್ಳದಿರುವುದಕ್ಕೆ ಇಂದಿಗೂ ಇದೇ ವಿವರಣೆ. ಇದನ್ನು ಒತ್ತಿ ಹೇಳಬೇಕು. ಮುಂದೆ ಹೇಳಲಿರುವ ಕಣಗಳ ಪಕ್ಷಪಾತಕ್ಕೂ ನಾವು ಮುಪ್ಪಾಗುವುದಕ್ಕೂ ಸಂಬಂಧ ಕಟ್ಟುವ ಬರಹಗಳು ಆಗಾಗ ಕಾಣುತ್ತವೆ, ಅದು ಸರಿಯಲ್ಲ. ನಿಯಮಗಳು ಪೂರ್ತಿ ಸಮಮಿತವಾಗಿದ್ದರೂ ಮಡಕೆ ಒಡೆದೇ ಇರುತ್ತಿತ್ತು.

1932ರಲ್ಲಿ ಪದಕ್ಕೆ ಇಂದಿನ ರೂಪ ಸಿಕ್ಕಿತು. ಬುಡಾಪೆಸ್ಟಿನಲ್ಲಿ ಹುಟ್ಟಿದ ಯೂಜೀನ್ ವಿಗ್ನರ್ ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. ಬರ್ಲಿನ್ನಿನಲ್ಲಿ ಹರಳುಗಳನ್ನು ಎಕ್ಸ್-ಕಿರಣಗಳಿಂದ ಪರೀಕ್ಷಿಸುತ್ತಿದ್ದ ವೈಸೆನ್‌ಬರ್ಗ್ ಅವರ ಬಳಿ ಸಹಾಯಕರಾಗಿದ್ದಾಗ ಸಮಮಿತಿಯ ಗಣಿತ ಅವರ ಕೈಗೆ ಬಂತು. ಹರಳಿನವರಿಂದ ಕಲಿತ ವಿದ್ಯೆಯನ್ನು ಅವರು ಕ್ವಾಂಟಮ್ ಸಿದ್ಧಾಂತಕ್ಕೆ ಒಯ್ದರು. ‘ಕ್ವಾಂಟಮ್ ಬಲವಿಜ್ಞಾನದಲ್ಲಿ ಕಾಲವನ್ನು ತಿರುಗಿಸುವ ಕ್ರಿಯೆ’ ಎಂಬರ್ಥದ ಶೀರ್ಷಿಕೆಯ ಜರ್ಮನ್ ಲೇಖನ ಗ್ಯೋಟಿಂಗೆನ್ ಅಕಾಡೆಮಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಜರ್ಮನ್ ಪದ ‘ತ್ಸೈಟುಮ್‌ಕೇರ್’. ‘ತ್ಸೈಟ್’ ಕಾಲ, ‘ಉಮ್‌ಕೇರ್’ ಹೊರಳಿ ಮರಳುವುದು.

ಒಂದು ತೊಡಕು ಅವರಿಗೆ ಎದುರಾಯಿತು. ಶ್ರೋಡಿಂಗರ್ ಸಮೀಕರಣದಲ್ಲಿ ಕಾಲದ ಪಕ್ಕದಲ್ಲೇ ಮೈನಸ್ ಒಂದರ ವರ್ಗಮೂಲ ಕೂತಿದೆ. ಕಾಲದ ಚಿಹ್ನೆಯನ್ನಷ್ಟೇ ಬದಲಿಸಿದರೆ ಸಮೀಕರಣ ಕೆಡುತ್ತದೆ. ಜೊತೆಗೆ ಆ ವರ್ಗಮೂಲದ ಚಿಹ್ನೆಯನ್ನೂ ಬದಲಿಸಿದರೆ ಮತ್ತೆ ಸರಿಹೋಗುತ್ತದೆ. ಹರಳನ್ನು ತಿರುಗಿಸುವ, ಕನ್ನಡಿಯಲ್ಲಿ ನೋಡುವ ಯಾವ ಸಮಮಿತಿಗೂ ಈ ಎರಡನೆಯ ಹೆಜ್ಜೆ ಬೇಕಿರಲಿಲ್ಲ. ಹಾಗಾಗಿ ಕಾಲವಿಲೋಮ ಆ ಕುಟುಂಬದಲ್ಲಿ ಒಂಟಿ. ಇದು ಬರೀ ಗಣಿತದ ಚಮತ್ಕಾರವಲ್ಲ. ಬೆಸ ಸಂಖ್ಯೆಯ ಎಲೆಕ್ಟ್ರಾನುಗಳಿರುವ ಪರಮಾಣುವನ್ನು ಎಂಥ ವಿದ್ಯುತ್‌ಕ್ಷೇತ್ರದಲ್ಲಿಟ್ಟರೂ ಅದರ ಶಕ್ತಿಮಟ್ಟಗಳು ಜೋಡಿಜೋಡಿಯಾಗಿಯೇ ಉಳಿಯುತ್ತವೆ ಎಂದು ಹಾಲೆಂಡಿನ ಕ್ರಾಮರ್ಸ್ 1930ರಲ್ಲಿ ಕಂಡಿದ್ದರು. ಆ ಜೋಡಿಗಳನ್ನು ಹಿಡಿದಿಟ್ಟಿರುವುದು ಕಾಲವಿಲೋಮ ಸಮಮಿತಿ ಎಂದು ವಿಗ್ನರ್ ತೋರಿಸಿದರು. ಯಾರೂ ಮಾಡಲಾಗದ ಕ್ರಿಯೆಯೊಂದು ಪ್ರಯೋಗಶಾಲೆಯಲ್ಲಿ ಅಳೆಯಬಲ್ಲ ಗುರುತು ಬಿಟ್ಟಿತ್ತು.

ಹೆಸರಿನ ಬಗ್ಗೆ ಭೌತವಿಜ್ಞಾನಿಗಳಲ್ಲೇ ಅಸಮಾಧಾನವಿದೆ. ಇಲ್ಲಿ ತಿರುಗುವುದು ಕಾಲವಲ್ಲ, ಚಲನೆ. ‘ಚಲನವಿಲೋಮ’ ಎನ್ನುವುದೇ ಸರಿ ಎಂದು ಪಠ್ಯಪುಸ್ತಕ ಬರೆದ ಸಕುರಾಯ್ ಅವರಂಥವರು ವಾದಿಸಿದ್ದಾರೆ. ನನಗೂ ಅದೇ ಸರಿ ಎನಿಸುತ್ತದೆ. ಯಾರೂ ನಿನ್ನೆಗೆ ಹೋಗುತ್ತಿಲ್ಲ. ವೇಗಗಳು ತಿರುಗುತ್ತವೆ, ಕಣದ ಗಿರಕಿ ತಿರುಗುತ್ತದೆ, ವಿದ್ಯುತ್ ಪ್ರವಾಹ ತಿರುಗುವುದರಿಂದ ಕಾಂತಕ್ಷೇತ್ರವೂ ತಿರುಗುತ್ತದೆ. ನಿಂತ ಆವೇಶದ ವಿದ್ಯುತ್‌ಕ್ಷೇತ್ರ ಮಾತ್ರ ಹಾಗೇ ಇರುತ್ತದೆ. ಆದರೆ ಪದಗಳ ಲೋಕದಲ್ಲಿ ಸರಿಯಾದದ್ದೇ ಗೆಲ್ಲಬೇಕೆಂದೇನಿಲ್ಲ.

ಇಪ್ಪತ್ತೈದು ವರ್ಷ ಹೆಚ್ಚುಕಡಿಮೆ ಯಾರೂ ಈ ಸಮಮಿತಿಯನ್ನು ಶಂಕಿಸಲಿಲ್ಲ. ಮೊದಲು ಬಿದ್ದದ್ದು ಕನ್ನಡಿ. 1956ರಲ್ಲಿ ಲೀ ಮತ್ತು ಯಾಂಗ್, ಬೀಟಾ ವಿಕಿರಣಕ್ಕೆ ಕಾರಣವಾದ ದುರ್ಬಲ ಬಲದ ವಿಷಯದಲ್ಲಿ ಎಡಬಲದ ಸಮಮಿತಿಯನ್ನು ಯಾರೂ ಪರೀಕ್ಷಿಸಿಯೇ ಇಲ್ಲ ಎಂದು ಎತ್ತಿ ತೋರಿಸಿದರು. ವಾಷಿಂಗ್ಟನ್ನಿನಲ್ಲಿ ಚೆನ್-ಶಿಯುಂಗ್ ವು ಕೋಬಾಲ್ಟ್-60 ಪರಮಾಣುಗಳನ್ನು ಪರಮಶೂನ್ಯದ ಸಮೀಪಕ್ಕೆ ತಣಿಸಿ, ಅವುಗಳ ಗಿರಕಿಯನ್ನು ಒಂದೇ ದಿಕ್ಕಿಗೆ ನಿಲ್ಲಿಸಿ, ಎಲೆಕ್ಟ್ರಾನುಗಳು ಗಿರಕಿಗೆ ಎದುರು ದಿಕ್ಕಿನಲ್ಲೇ ಹೆಚ್ಚು ಹೊರಡುವುದನ್ನು ಕಂಡರು. ಪ್ರಕೃತಿಗೆ ಎಡಬಲದ ಭೇದ ಗೊತ್ತಿತ್ತು. 1957ರ ನೊಬೆಲ್ ಲೀ, ಯಾಂಗ್ ಇಬ್ಬರಿಗೂ ಸಂದಿತು. ವು ಅವರಿಗೆ ಸಲ್ಲಲಿಲ್ಲ. ಆ ಅನ್ಯಾಯ ಇಂದಿಗೂ ಕಣ್ಣಿಗೆ ಹೊಡೆಯುತ್ತದೆ.

ಕನ್ನಡಿಯೊಡನೆ ಕಣಗಳನ್ನು ಪ್ರತಿಕಣಗಳಾಗಿಯೂ ಬದಲಿಸಿದರೆ ಸಮಮಿತಿ ಉಳಿಯುತ್ತದೆ ಎಂದು ಲೆವ್ ಲಾಂಡೌ ಮುಂತಾದವರು ಸಮಾಧಾನಪಟ್ಟರು. ಅದನ್ನೂ 1964ರ ಒಂದು ಪ್ರಯೋಗ ಕೆಡವಿತು. ಬ್ರೂಕ್‌ಹೇವನ್ನಿನಲ್ಲಿ ಕ್ರಿಸ್ಟೆನ್‌ಸನ್, ಕ್ರೋನಿನ್, ಫಿಚ್, ಟರ್ಲೆ ಎಂಬ ನಾಲ್ವರು ದೀರ್ಘಾಯು ತಟಸ್ಥ ಕೇಯಾನ್ ಎಂಬ ಕಣಗಳನ್ನು ನೋಡುತ್ತಿದ್ದರು. ಆ ಸಮಮಿತಿ ನಿಜವಾದರೆ ಈ ಕೇಯಾನ್ ಎರಡು ಪಯಾನ್‌ಗಳಾಗಿ ಒಡೆಯುವಂತಿಲ್ಲ. ಸುಮಾರು 22,700 ವಿಘಟನೆಗಳಲ್ಲಿ 45 ಹಾಗೆ ಒಡೆದಿದ್ದವು. ಐನೂರರಲ್ಲಿ ಒಂದು. ಇನ್ನು ಉಳಿದಿದ್ದು ಸಿ-ಪಿ-ಟಿ ಪ್ರಮೇಯ. ಪ್ರತಿಕಣ, ಕನ್ನಡಿ, ಕಾಲವಿಲೋಮ ಮೂರನ್ನೂ ಒಟ್ಟಿಗೆ ಮಾಡಿದರೆ ನಿಯಮ ಬದಲಾಗದು ಎಂದು ಲ್ಯೂಡರ್ಸ್ ಮತ್ತು ಪೌಲಿ ಐವತ್ತರ ದಶಕದಲ್ಲಿ ಸಾಧಿಸಿದ್ದರು. ಮೂರರಲ್ಲಿ ಮೊದಲ ಎರಡರ ಜೋಡಿ ಮುರಿದರೆ, ಲೆಕ್ಕ ಸರಿದೂಗಲು ಮೂರನೆಯದೂ ಮುರಿಯಲೇಬೇಕು. ಕಾಲವಿಲೋಮ ಸಮಮಿತಿ ಮುರಿದಿದೆ ಎಂದು ಜಗತ್ತಿಗೆ ತಿಳಿದದ್ದು ಹೀಗೆ, ತರ್ಕದ ಮೂಲಕ. ಯಾರೂ ಅದನ್ನು ನೇರವಾಗಿ ಕಂಡಿರಲಿಲ್ಲ.

ನೇರವಾಗಿ ಕಾಣುವುದಕ್ಕೆ ಇನ್ನೂ ಮೂವತ್ತನಾಲ್ಕು ವರ್ಷ ಹಿಡಿಯಿತು. ತಟಸ್ಥ ಕೇಯಾನ್‌ಗೆ ಒಂದು ವಿಚಿತ್ರ ಗುಣವಿದೆ: ಹಾರುತ್ತಾ ಹಾರುತ್ತಾ ಅದು ತನ್ನ ಪ್ರತಿಕಣವಾಗುತ್ತದೆ, ಪ್ರತಿಕಣ ಮತ್ತೆ ಕೇಯಾನ್ ಆಗುತ್ತದೆ. ನದಿ ದಿನವಾಗುವುದು, ದಿನ ನದಿಯಾಗುವುದು. ಎರಡೂ ನಿಯಮದ ನಿಘಂಟಿನಲ್ಲಿವೆ. ಆದರೆ ಎರಡೂ ಅಷ್ಟೇ ಸಲ ನಡೆಯುತ್ತವೆಯೇ? ಜಿನೀವಾ ಬಳಿಯ ಸರ್ನ್‌ನಲ್ಲಿ ಸಿಪಿಲಿಯರ್ ಪ್ರಯೋಗದವರು ಇದನ್ನು ಎಣಿಸಿದರು. ಪ್ರೋಟಾನ್ ಮತ್ತು ಪ್ರತಿಪ್ರೋಟಾನ್ ಡಿಕ್ಕಿಯಾದಾಗ ತಟಸ್ಥ ಕೇಯಾನಿನ ಜೊತೆಗೇ ಒಂದು ಆವೇಶಯುತ ಕೇಯಾನ್ ಹುಟ್ಟುತ್ತದೆ. ಅದರ ಆವೇಶ ನೋಡಿದರೆ, ತಟಸ್ಥವಾದದ್ದು ಹುಟ್ಟುವಾಗ ಕಣವಾಗಿತ್ತೋ ಪ್ರತಿಕಣವಾಗಿತ್ತೋ ತಿಳಿಯುತ್ತದೆ. ಸಾಯುವಾಗ ಅದು ಎಲೆಕ್ಟ್ರಾನ್ ಬಿಟ್ಟಿತೋ ಪಾಸಿಟ್ರಾನ್ ಬಿಟ್ಟಿತೋ ನೋಡಿದರೆ ಆಗ ಏನಾಗಿತ್ತು ಎಂಬುದೂ ತಿಳಿಯುತ್ತದೆ. 1998ರಲ್ಲಿ ಫಲಿತಾಂಶ ಬಂತು: ಪ್ರತಿಕಣ ಕಣವಾಗುವುದು ಹೆಚ್ಚು, ಕಣ ಪ್ರತಿಕಣವಾಗುವುದು ಕಡಿಮೆ. ಅಂತರ ಸಾವಿರಕ್ಕೆ 6.6ರಷ್ಟು.

ಇದಕ್ಕೂ ತಕರಾರು ಬಂತು. ಕೇಯಾನ್ ಒಡೆದು ಹೋಗುವ ಕಣ, ಒಡೆಯುವುದನ್ನು ತಿರುಗಿಸಲಾಗದು, ಅದರ ಪಾಲನ್ನು ಈ ಲೆಕ್ಕದಿಂದ ಪೂರ್ತಿ ಬಿಡಿಸಿದ್ದೀರಾ ಎಂದು ಕೇಳಿದವರಿದ್ದರು. ಸಮಾಧಾನದ ಉತ್ತರ 2012ರಲ್ಲಿ ಕ್ಯಾಲಿಫೋರ್ನಿಯಾದ ಸ್ಲಾಕ್ ಪ್ರಯೋಗಶಾಲೆಯಿಂದ ಬಂತು. ಅಲ್ಲಿನ ಬಾಬಾರ್ ಪ್ರಯೋಗದವರು ಬಿ-ಮೆಸಾನ್‌ಗಳ ಸುಮಾರು 47 ಕೋಟಿ ಜೋಡಿಗಳ ದಾಖಲೆಯನ್ನು ಕೆದಕಿದರು. ಹೆಣೆದುಕೊಂಡೇ ಹುಟ್ಟುವ ಈ ಜೋಡಿಯಲ್ಲಿ ಒಂದು ಸತ್ತ ಬಗೆಯೇ ಆ ಕ್ಷಣದಲ್ಲಿ ಇನ್ನೊಂದು ಯಾವ ಸ್ಥಿತಿಯಲ್ಲಿದೆ ಎಂದು ಸಾರಿಬಿಡುತ್ತದೆ. ಹಾಗೆ ಆರಂಭದ ಸ್ಥಿತಿಯನ್ನೂ ಕೊನೆಯ ಸ್ಥಿತಿಯನ್ನೂ ಗುರುತಿಸಿ, ಒಂದು ಬದಲಾವಣೆಯ ವೇಗವನ್ನು ಅದರ ತಿರುವುಮುರುವಿನ ವೇಗದ ಪಕ್ಕ ಇಟ್ಟು ಅಳೆದರು. ಎರಡೂ ಸಮವಾಗಿರಲಿಲ್ಲ. ಅದು ಆಕಸ್ಮಿಕವಲ್ಲ ಎನ್ನುವುದಕ್ಕೆ ಅವರು ಕೊಟ್ಟ ಭರವಸೆ 14 ಸಿಗ್ಮಾ. ಹೊಸ ಕಣ ಸಿಕ್ಕಿತೆಂದು ಸಾರಲು ಭೌತವಿಜ್ಞಾನಿಗಳಿಗೆ 5 ಸಾಕು.

ಇಷ್ಟು ಚಿಕ್ಕ ವ್ಯತ್ಯಾಸಕ್ಕೆ ಇಷ್ಟೊಂದು ತಲೆಕೆಡಿಸಿಕೊಳ್ಳುವುದೇಕೆ? ಸಖರೋವ್ 1967ರಲ್ಲಿ ಒಂದು ಕಾರಣ ಕೊಟ್ಟರು: ಕಣ ಮತ್ತು ಪ್ರತಿಕಣಗಳ ನಡುವೆ ನಿಯಮ ಭೇದ ಮಾಡದಿದ್ದರೆ, ಆದಿಯಲ್ಲಿ ಎರಡೂ ಒಂದನ್ನೊಂದು ಅಳಿಸಿ, ನಕ್ಷತ್ರ ಕಟ್ಟಲು ದ್ರವ್ಯವೇ ಉಳಿಯುತ್ತಿರಲಿಲ್ಲ. ಕ್ವಾರ್ಕ್ ಎಂಬ ಮೂಲಕಣಗಳು ಆರು ಬಗೆಯವಿದ್ದರೆ ಆ ಭೇದ ತಾನಾಗಿ ಬರುತ್ತದೆ ಎಂದು ಕೊಬಾಯಾಶಿ ಮತ್ತು ಮಸ್ಕಾವಾ 1973ರಲ್ಲಿ ಲೆಕ್ಕ ಹಾಕಿದರು. ಆಗ ತಿಳಿದಿದ್ದದ್ದು ಮೂರೇ ಕ್ವಾರ್ಕ್. ಅವರ ಲೆಕ್ಕ ಕೇಯಾನ್, ಬಿ-ಮೆಸಾನ್ ಎರಡಕ್ಕೂ ಹೊಂದಿತು. ಆದರೆ ಇಡೀ ವಿಶ್ವದ ದ್ರವ್ಯಕ್ಕೆ ಆ ಭೇದ ಏನೇನೂ ಸಾಲದು.

ಸಾಲದಿರುವುದನ್ನು ಹುಡುಕುವ ಜಾಗಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ನ್ಯೂಟ್ರಾನ್. ಅದಕ್ಕೆ ಒಟ್ಟು ಆವೇಶವಿಲ್ಲ. ಆದರೆ ಒಳಗಿನ ಧನ ಒಂದು ಬದಿಗೆ, ಋಣ ಇನ್ನೊಂದು ಬದಿಗೆ ಕೂದಲೆಳೆಯಷ್ಟು ಸರಿದಿದ್ದರೆ ಅದೊಂದು ವಿದ್ಯುತ್ ದ್ವಿಧ್ರುವ. ಅದು ಗಿರಕಿಯ ಅಕ್ಷದ ಮೇಲೆಯೇ ಇರಬೇಕು. ಈಗ ಚಲನೆಯನ್ನು ತಿರುಗಿಸಿ. ಗಿರಕಿ ತಲೆಕೆಳಗಾಗುತ್ತದೆ, ಆವೇಶ ಕೂತ ಜಾಗ ಬದಲಾಗುವುದಿಲ್ಲ. ಹಿಂದೆ ಒಂದೇ ದಿಕ್ಕಿಗಿದ್ದ ಎರಡೂ ಈಗ ಎದುರುಬದುರು. ಅಂಥ ನ್ಯೂಟ್ರಾನ್ ಪ್ರಕೃತಿಯಲ್ಲಿಲ್ಲ. ಹಾಗಾಗಿ ದ್ವಿಧ್ರುವ ಸಿಕ್ಕರೆ ಕಾಲವಿಲೋಮ ಸಮಮಿತಿ ಅಲ್ಲೂ ಮುರಿದಂತೆ. ಪರ್ಸೆಲ್ ಮತ್ತು ರಾಮ್ಸೆ ಈ ಹುಡುಕಾಟವನ್ನು 1950ರಲ್ಲೇ ಪ್ರಸ್ತಾಪಿಸಿದ್ದರು. ಕನ್ನಡಿ ಬೀಳುವುದಕ್ಕೂ ಆರು ವರ್ಷ ಮೊದಲು, ಹಾಗಾಗಲಾರದು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ. ಸ್ವಿಟ್ಜರ್ಲೆಂಡಿನ ಪೌಲ್ ಶೆರರ್ ಸಂಸ್ಥೆಯಲ್ಲಿ ಅತಿಶೀತಲ ನ್ಯೂಟ್ರಾನುಗಳನ್ನು ಪಾತ್ರೆಯಲ್ಲಿ ಹಿಡಿದಿಟ್ಟು ಅಳೆದವರು 2020ರಲ್ಲಿ ಹೇಳಿದ್ದು: ಸರಿದಿದ್ದರೂ ಅದು ನ್ಯೂಟ್ರಾನಿನ ವ್ಯಾಸದ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ.

ಎಲೆಕ್ಟ್ರಾನಿನ ದ್ವಿಧ್ರುವದ ಬೇಟೆಯಲ್ಲಿ ಬೆಂಗಳೂರಿನ ಪಾಲೂ ಇದೆ. ಥ್ಯಾಲಿಯಮ್‌ನಂಥ ಭಾರ ಪರಮಾಣುವಿನೊಳಗೆ ಎಲೆಕ್ಟ್ರಾನಿನ ದ್ವಿಧ್ರುವ ನೂರಾರು ಪಟ್ಟು ಹಿಗ್ಗಿ ಕಾಣುತ್ತದೆ. ಎಷ್ಟು ಪಟ್ಟು ಎಂಬುದು ಗೊತ್ತಿಲ್ಲದೆ ಪ್ರಯೋಗದ ಅಂಕಿಗೆ ಅರ್ಥ ಬರುವುದಿಲ್ಲ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯಲ್ಲಿ ಬಿ.ಪಿ. ದಾಸ್ ಮತ್ತು ಸಂಗಡಿಗರು ಈ ಲೆಕ್ಕದಲ್ಲಿ ವರ್ಷಗಟ್ಟಲೆ ತೊಡಗಿದ್ದರು. ಮೊದಲು ರೂಢಿಯಲ್ಲಿದ್ದ 585 ಪಟ್ಟು ಎಂಬ ಅಂಕಿಯ ಎದುರು, 466ರ ಆಸುಪಾಸು ಎಂದು ಆ ತಂಡದ ಲೆಕ್ಕ 2011ರಲ್ಲಿ ಪ್ರಕಟವಾಯಿತು.

ನ್ಯೂಟ್ರಾನಿನಲ್ಲಿ ದ್ವಿಧ್ರುವ ಸಿಗದಿರುವುದೇ ಈಗ ಒಂದು ಸಮಸ್ಯೆ. ಕ್ವಾರ್ಕ್‌ಗಳನ್ನು ಬಿಗಿದಿರುವ ಪ್ರಬಲ ಬಲದ ಸಮೀಕರಣದಲ್ಲಿ ಕಾಲವಿಲೋಮ ಸಮಮಿತಿಯನ್ನು ಮುರಿಯುವ ಒಂದು ಪದಕ್ಕೆ ಜಾಗವಿದೆ. ಅದರ ಬೆಲೆ ಒಂದರ ಆಸುಪಾಸು ಇರಬಹುದಿತ್ತು. ನ್ಯೂಟ್ರಾನ್ ನೋಡಿದರೆ ಅದು ಸಾವಿರ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ದುರ್ಬಲ ಬಲ ಮುರಿದ ಸಮಮಿತಿಯನ್ನು ಪ್ರಬಲ ಬಲ ಇಷ್ಟು ನಿಷ್ಠೆಯಿಂದ ಪಾಲಿಸುವುದೇಕೆ? ಪೆಚ್ಚೈ ಮತ್ತು ಕ್ವಿನ್ 1977ರಲ್ಲಿ ಉತ್ತರವಾಗಿ ಮುಂದಿಟ್ಟದ್ದು ಇನ್ನೊಂದು ಹೊಸ ಸಮಮಿತಿಯನ್ನು. ಅದು ನಿಜವಾದರೆ ಒಂದು ಹಗುರ ಕಣ ಇರಲೇಬೇಕೆಂದು ಮರುವರ್ಷ ವೈನ್‌ಬರ್ಗ್ ಮತ್ತು ವಿಲ್ಚೆಕ್ ಕಂಡರು. ಅಂಗಡಿಯಲ್ಲಿ ಕಂಡ ಬಟ್ಟೆ ಒಗೆಯುವ ಪುಡಿಯೊಂದರ ಹೆಸರನ್ನು ವಿಲ್ಚೆಕ್ ಅದಕ್ಕೆ ಇಟ್ಟರು: ಆಕ್ಸಿಯಾನ್. ಸಿದ್ಧಾಂತದ ಕೊಳೆ ತೆಗೆಯುವ ಕಣ. ಸಿಯಾಟಲ್‌ನಲ್ಲಿ ಬಲವಾದ ಕಾಂತದೊಳಗೆ ಲೋಹದ ಡಬ್ಬಿಯಿಟ್ಟು ಅದರ ಮೈಕ್ರೋವೇವ್ ಸುಳಿವಿಗೆ ಕಾಯುತ್ತಿದ್ದಾರೆ, ಇದುವರೆಗೆ ಸಿಕ್ಕಿಲ್ಲ. ನ್ಯೂಟ್ರಾನನ್ನು ಹಿಂದಿನದಕ್ಕಿಂತ ಹತ್ತು ಪಟ್ಟು ಸೂಕ್ಷ್ಮವಾಗಿ ಅಳೆಯಲೆಂದು ಪೌಲ್ ಶೆರರ್ ಸಂಸ್ಥೆ ಹೊಸ ಉಪಕರಣ ಕಟ್ಟಿದೆ.